ಗುಜರಿ ರಾಶಿಯಲ್ಲಿ ಹೆಸರು ಕಳೆದುಕೊಂಡ ಹತಾರಗಳು

ಬೆಂಗಳೂರಿನ ಚಿಕ್ಕಪೇಟೆ ಆಸುಪಾಸಿನ ಬೀದಿಗಳಲ್ಲಿ ಭಾನುವಾರ ಬೆಳ್ಳಂಬೆಳಗ್ಗೆ ಹಳೆಯ ಸಾಮಾನುಗಳ ಸಂತೆ ನೆರೆಯುತ್ತದೆ. ಬಾಗಿಲು ಮುಚ್ಚಿದ ಅಂಗಡಿಗಳ ಮುಂದೆ ಗೋಣಿತಾಟು, ಟಾರ್ಪಾಲು ಹಾಸಿಕೊಂಡು ವ್ಯಾಪಾರಿಗಳು ಕೂರುತ್ತಾರೆ. ಕೆಟ್ಟ ಗಡಿಯಾರ, ಒಂಟಿ ಬೂಟು, ಕೀಲಿಯಿಲ್ಲದ ಹಿತ್ತಾಳೆ ಬೀಗ, ತುಕ್ಕು ಹಿಡಿದ ಕಬ್ಬಿಣದ ರಾಶಿ. ಅದರ ನಡುವೆ ಮರದ ವಸ್ತುವೊಂದು ಬಿದ್ದಿರುತ್ತದೆ ಎಂದಿಟ್ಟುಕೊಳ್ಳೋಣ. ಎರಡೂ ತುದಿ ಗುಂಡಗೆ, ನಡುವೆ ಕೈಗೆ ಸಿಗುವಷ್ಟು ಸಣ್ಣ ಹಿಡಿ.

“ಡಂಬೆಲ್ಸ್ ಸಾರ್, ಹಳೇ ಗರಡಿಮನೇದು” ಎನ್ನುತ್ತಾನೆ ಮಾರುವವನು. ಕೊಳ್ಳುವವನೂ ನಂಬಿ ಬಿಡುತ್ತಾನೆ. ಹಿಂದೆ ನಿಂತ ಹಿರಿಯರೊಬ್ಬರು ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರೆ ಬೇರೆ ಮಾತೇ ಬರುತ್ತದೆ: “ಅಲ್ಲಪ್ಪಾ, ಇದು ಪಿಂಜಾರರದ್ದು. ಹತ್ತಿ ಬಿಲ್ಲಿಗೆ ಹೊಡೀತಿದ್ರಲ್ಲ, ಅದು.”

ಹಿರಿಯರ ಮಾತೇ ಸರಿ. ಹಾಸಿಗೆ, ದಿಂಬಿನ ಹತ್ತಿಯನ್ನು ಎಕ್ಕುವ ಪಿಂಜಾರರು ಆಳೆತ್ತರದ ಮರದ ಬಿಲ್ಲನ್ನು ಹೊತ್ತು ಬೀದಿ ಬೀದಿ ತಿರುಗುತ್ತಿದ್ದ ಕಾಲವೊಂದಿತ್ತು. ಆ ಬಿಲ್ಲಿಗೆ ಪ್ರಾಣಿಯ ಕರುಳಿನಿಂದ ಹೊಸೆದ ತಂತಿ. ತಂತಿಯನ್ನು ಹತ್ತಿಯ ರಾಶಿಗೆ ತಾಗಿಸಿ ಮರದ ಈ ಬಡಿಗೆಯಿಂದ ಮೀಟಿದಾಗ ಅದರ ಕಂಪನಕ್ಕೆ ಗಂಟುಗಟ್ಟಿದ ಹತ್ತಿ ಬಿಡಿಬಿಡಿಯಾಗಿ ಹಾರುತ್ತಿತ್ತು. ಹತ್ತಿ ಎಕ್ಕುವ ಯಂತ್ರ ಬಂದ ಮೇಲೆ ಬಿಲ್ಲು ಮೂಲೆ ಸೇರಿತು. ಉದ್ದವಾದ ಬಿಲ್ಲು ಸೌದೆಯಾಯಿತು, ಬಡಿಗೆ ಗುಜರಿಗೆ ಬಂದಿತು. ಬಿಲ್ಲಿನಿಂದ ಬೇರಾದ ಬಡಿಗೆ ‘ಡಂಬೆಲ್’ ಎಂಬ ಹೊಸ ಹೆಸರು ಪಡೆಯಿತು.

ಹಳೆಯ ಕೈಹತಾರಗಳಿಗೆ ಬಂದಿರುವ ಗತಿ ಇದು. ಮರ, ಕಬ್ಬಿಣ ಇನ್ನೂ ಗಟ್ಟಿಯಾಗಿವೆ, ಹೆಸರು ಮಾತ್ರ ಕಳಚಿ ಬಿದ್ದಿದೆ. ಹೆಸರಿಲ್ಲದ ವಸ್ತುವಿಗೆ ಗುಜರಿಯಲ್ಲಿ ಒಂದೇ ಬೆಲೆ, ಅದು ಕಿಲೋ ಲೆಕ್ಕದ ಬೆಲೆ. ಅಲ್ಲಿಂದ ಮುಂದಿನ ದಾರಿ ಕುಲುಮೆಗೆ. ಆದರೆ ಹತಾರವೊಂದು ತನ್ನ ಕಸುಬಿನ ಗುರುತನ್ನು ಮೈಮೇಲೆ ಇಟ್ಟುಕೊಂಡೇ ಬಂದಿರುತ್ತದೆ. ಅದನ್ನು ಓದಲು ಪಂಡಿತರೇ ಆಗಬೇಕಿಲ್ಲ. ಎಲ್ಲಿ ನೋಡಬೇಕು ಎಂಬುದು ತಿಳಿದಿದ್ದರೆ ಸಾಕು.

ಸವೆತ ಹೇಳುವ ಸತ್ಯ

ಮೊದಲು ನೋಡಬೇಕಾದದ್ದು ಸವೆದ ಜಾಗ. ಕೈ ಎಲ್ಲಿ ಹಿಡಿಯಿತೋ ಅಲ್ಲಿ ಮರ ನುಣುಪಾಗಿ, ಬೆವರು ಕುಡಿದು ಕಪ್ಪಾಗಿರುತ್ತದೆ. ಯಾವ ಭಾಗ ಕೆಲಸ ಮಾಡಿತೋ ಅದು ತೇದಿರುತ್ತದೆ. ಕೈಯೂ ತಾಗದ, ಕೆಲಸವೂ ಬೀಳದ ಭಾಗದಲ್ಲಿ ಬಡಗಿಯ ಉಳಿಯ ಗುರುತು, ಕಮ್ಮಾರನ ಸುತ್ತಿಗೆಯ ಪೆಟ್ಟು ಹಾಗೆಯೇ ಉಳಿದಿರುತ್ತವೆ. ಪಿಂಜಾರರ ಬಡಿಗೆಯಲ್ಲಿ ತಂತಿ ತಾಗುವ ಗುಂಡಿನ ಅಂಚು ಸವೆದಿರುತ್ತದೆ. ವ್ಯಾಯಾಮದ ಡಂಬೆಲ್ಲಿಗೆ ಅಂಥ ಸವೆತ ಬರಲು ಕಾರಣವೇ ಇಲ್ಲ.

ಇದೇ ರೀತಿಯ ಇನ್ನೊಂದು ಒಗಟು, ಮೈಮೇಲೆ ಉಂಗುರ ಉಂಗುರವಾಗಿ ಗೀರು ಬಿದ್ದ ಮರದ ದಿಂಡು. ಮಂಚದ ಕಾಲಿನ ತುಂಡಿರಬಹುದು, ಆಟಿಕೆ ಇರಬಹುದು ಎಂದು ಜನ ಊಹಿಸುತ್ತಾರೆ. ಅದರ ಒಂದು ತುದಿಯಲ್ಲಿ ಕಬ್ಬಿಣದ ಮೊನೆ ಕೂರಿಸಿದ ರಂಧ್ರವಿದ್ದರೆ ಅದು ಬಡಗಿಯ ಬೈರಿಗೆ. ಸಣ್ಣ ಕಮಾನಿನ ದಾರವನ್ನು ದಿಂಡಿಗೆ ಒಂದು ಸುತ್ತು ಸುತ್ತಿ, ಕಮಾನನ್ನು ಹಿಂದೆ ಮುಂದೆ ಎಳೆದರೆ ದಿಂಡು ತಿರುಗಿ ಮರಕ್ಕೆ ತೂತು ಬೀಳುತ್ತದೆ. ದಾರ ಉಜ್ಜಿ ಉಜ್ಜಿ ಬಿದ್ದ ಗುರುತೇ ಆ ಉಂಗುರಗಳು. ಬೈರಿಗೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗುವುದರಿಂದ ಅದರ ಮೊನೆಯನ್ನು ಎರಡೂ ಕಡೆ ಹರಿತ ಮಾಡಿರುತ್ತಾರೆ. ಒಂದೇ ದಿಕ್ಕಿಗೆ ತಿರುಗುವ ಈಗಿನ ಡ್ರಿಲ್ಲಿನ ಮೊನೆ ಸುರುಳಿಯಾಗಿರುತ್ತದೆ. ಮೊನೆಯೊಂದೇ ಸಿಕ್ಕರೂ ಇವೆರಡನ್ನು ಬೇರ್ಪಡಿಸಬಹುದು.

ಹಿಡಿ ನೋಡಿ, ಬಾಯಿ ನೋಡಿ

ಸವೆತದ ನಂತರ ನೋಡಬೇಕಾದದ್ದು ಹಿಡಿ ಮತ್ತು ಬಾಯಿ. ಕೊಡಲಿಯ ಬಾಯಿ ಕಾವಿನ ಉದ್ದಕ್ಕೆ ನೇರವಾಗಿರುತ್ತದೆ. ಬಾಚಿಯ ಬಾಯಿ ಕಾವಿಗೆ ಅಡ್ಡ. ಇಷ್ಟು ಹಳ್ಳಿಯವರಿಗೆಲ್ಲ ಗೊತ್ತು. ಆದರೆ ಕಾವಿನ ಉದ್ದವೂ ಒಂದು ಮಾತು ಹೇಳುತ್ತದೆ. ನಮ್ಮ ಬಡಗಿ ನೆಲದ ಮೇಲೆ ಕುಳಿತು, ಮರವನ್ನು ಕಾಲಿನಿಂದ ಅದುಮಿ ಹಿಡಿದು ಕೆತ್ತುತ್ತಿದ್ದ. ಆದ್ದರಿಂದ ಬಾಚಿಯ ಕಾವು ಗಿಡ್ಡ. ಯುರೋಪಿನ ಕೆಲಸಗಾರ ನಿಂತು ಕೆಲಸ ಮಾಡುತ್ತಿದ್ದುದರಿಂದ ಅಲ್ಲಿನ ಬಾಚಿಗೆ ಸೊಂಟದೆತ್ತರದ ಕಾವು.

ಗರಗಸದ ಹಲ್ಲಿನಲ್ಲೂ ಇದೇ ಕಥೆಯುಂಟು. ಹಲ್ಲು ಹಿಡಿಯ ಕಡೆಗೆ ವಾಲಿದ್ದರೆ ಅದು ಎಳೆದು ಕೊಯ್ಯುವ ಗರಗಸ, ಕುಳಿತು ಕೆಲಸ ಮಾಡುವವನಿಗೆ ಅನುಕೂಲ. ಮುಂದಕ್ಕೆ ವಾಲಿದ್ದರೆ ತಳ್ಳಿ ಕೊಯ್ಯುವುದು, ಮೇಜಿನ ಮುಂದೆ ನಿಂತವನದು. ಹತಾರವನ್ನು ನೋಡಿ ಅದನ್ನು ಹಿಡಿದವನು ಕುಳಿತಿದ್ದನೋ ನಿಂತಿದ್ದನೋ ಎಂದು ಹೇಳಬಹುದು.

ಹೋಲುವ ವಸ್ತುಗಳು ಮೋಸ ಮಾಡುವುದೂ ಉಂಟು. ಗೇಣುದ್ದದ ಕಬ್ಬಿಣದ ಸಲಾಕೆ, ಒಂದು ತುದಿ ಚೂಪು. ಗೋಣಿಚೀಲ ಹೊಲಿಯುವ ದಬ್ಬಳವೆಂದು ಎತ್ತಿಡುವ ಮುನ್ನ ಕಣ್ಣಿದೆಯೇ ನೋಡಬೇಕು. ದಬ್ಬಳಕ್ಕೆ ದಾರ ಪೋಣಿಸುವ ಕಣ್ಣು ಇರಲೇಬೇಕು. ಕಣ್ಣಿಲ್ಲದೆ, ಇನ್ನೊಂದು ತುದಿ ಸಣ್ಣ ಚೂರಿಯಂತೆ ಚಪ್ಪಟೆಯಾಗಿದ್ದರೆ ಅದು ಕಂಟವಾಗಿರುವ ಸಾಧ್ಯತೆ ಹೆಚ್ಚು. ಕಂಟವೆಂದರೆ ತಾಳೆಗರಿಯ ಮೇಲೆ ಬರೆಯುತ್ತಿದ್ದ ಲೇಖನಿ. ಚಪ್ಪಟೆ ತುದಿಯಿಂದ ಗರಿಯ ಅಂಚು ಸವರಿ, ಚೂಪು ತುದಿಯಿಂದ ಅಕ್ಷರ ಕೊರೆದು, ಬಳಿಕ ಎಣ್ಣೆಯಲ್ಲಿ ಕಲಸಿದ ಕಾಡಿಗೆ ಸವರಿದರೆ ಕೊರೆದ ಗೆರೆಯಲ್ಲಿ ಕಪ್ಪು ನಿಂತು ಅಕ್ಷರ ಎದ್ದು ಕಾಣುತ್ತಿತ್ತು. ಹಳಗನ್ನಡದ ಕಾವ್ಯಗಳು ನಮ್ಮ ಕಾಲದವರೆಗೆ ಬಂದದ್ದು ಇಂಥ ಸಲಾಕೆಯ ಮೊನೆಯಿಂದಲೇ. ತೂಕಕ್ಕೆ ಹಾಕಿದರೆ ಅದು ಕೆಲವೇ ಗ್ರಾಂ ಕಬ್ಬಿಣ.

ಅಡಕತ್ತರಿಯ ಪ್ರಸಂಗ ಇನ್ನೂ ಸ್ವಾರಸ್ಯಕರ. ಇಂಗ್ಲೆಂಡಿನಲ್ಲಿ ಸಕ್ಕರೆಯನ್ನು ದೊಡ್ಡ ಶಂಕುವಿನಾಕಾರದ ಅಚ್ಚಾಗಿ ಮಾರುತ್ತಿದ್ದ ಕಾಲದಲ್ಲಿ ಅದನ್ನು ತುಂಡರಿಸಲು ಇಕ್ಕಳದಂಥ ಕತ್ತರಿಯಿತ್ತು. ದೂರದಿಂದ ಎರಡೂ ಒಂದೇ ರೀತಿ ಕಾಣುತ್ತವೆ. ಸಕ್ಕರೆ ಕತ್ತರಿಯ ಎರಡೂ ದವಡೆಗಳು ಒಳಕ್ಕೆ ಬಾಗಿ ತುದಿಯಲ್ಲಿ ಸಂಧಿಸುತ್ತವೆ. ಅಡಕತ್ತರಿಯಲ್ಲಿ ಮೇಲಿನ ಅಲಗು ಮಾತ್ರ ಹರಿತ. ಕೆಳಗಿನದು ಅಡಕೆ ಕೂರುವ ದಪ್ಪ ಪಟ್ಟಿ. ಪುಣೆಯ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯದಲ್ಲಿ ಅಡಕತ್ತರಿಗಳದೇ ಒಂದು ಸಂಗ್ರಹವಿದೆ. ಅವುಗಳನ್ನು ನೋಡಿದವರು ಮುಂದೆಂದೂ ಗುರುತು ತಪ್ಪುವುದಿಲ್ಲ.

ಅರ್ಧ ಮಾತ್ರ ಸಿಕ್ಕಾಗ

ಗುಜರಿಯಲ್ಲಿ ಹೆಚ್ಚು ಗೊಂದಲ ಹುಟ್ಟಿಸುವುವು ಬಿಡಿಭಾಗಗಳು. ತಳದಲ್ಲಿ ಮೂರೋ ನಾಲ್ಕೋ ತೂತುಗಳಿರುವ ಮರದ ಬಟ್ಟಲೊಂದನ್ನು ಅಲಂಕಾರದ ವಸ್ತುವೆಂದು ಕೊಂಡು ಮೇಣದ ಬತ್ತಿ ಹಚ್ಚಿಡುವವರಿದ್ದಾರೆ. ಅದು ಕೂರಿಗೆಯ ಬಟ್ಟಲು. ಒಂದೊಂದು ತೂತಿಗೂ ಒಂದೊಂದು ಬಿದಿರ ಕೊಳವೆ ಜೋಡಿಸಿ, ಬಟ್ಟಲಿಗೆ ಬೀಜ ಸುರಿಯುತ್ತ ಹೋದರೆ ಸಾಲು ಸಾಲಾಗಿ ಬಿತ್ತನೆಯಾಗುತ್ತದೆ. ತೂತುಗಳ ಸಂಖ್ಯೆಯನ್ನು ಎಣಿಸಿದರೆ ಅದು ಎಷ್ಟು ಸಾಲಿನ ಕೂರಿಗೆ ಎಂಬುದು ತಿಳಿಯುತ್ತದೆ. ಟಿಪ್ಪುವಿನ ಪತನದ ನಂತರ 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಕೂರಿಗೆ ಬೇಸಾಯವನ್ನು ವಿವರವಾಗಿ ಬರೆದಿಟ್ಟಿದ್ದಾನೆ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಲ್ಲಿ ಬೇಸಾಯದ ಉಪಕರಣಗಳ ಚಿತ್ರಗಳೂ ಇವೆ. ಬಿಡಿಭಾಗವನ್ನು ಇಡಿಯ ವಸ್ತುವಿನೊಂದಿಗೆ ಹೋಲಿಸಿ ನೋಡಲು ಅವು ಇಂದಿಗೂ ಉಪಯುಕ್ತ.

ಅರ್ಧಚಂದ್ರಾಕಾರದ ಸಣ್ಣ ಕಬ್ಬಿಣದ ತಗಡುಗಳು, ಅಂಚಿನಲ್ಲಿ ಮೊಳೆ ತೂತು. ಬಾಗಿಲ ಬಿಜಾಗರಿಯ ಚೂರೆಂದು ಎಸೆಯುವ ಮುನ್ನ ಎತ್ತಿನ ಗೊರಸನ್ನು ನೆನೆಯಬೇಕು. ಕುದುರೆಯ ಗೊರಸು ಒಂದೇ, ಅದಕ್ಕೆ ಒಂದೇ ಬಾಗಿದ ಲಾಳ. ಎತ್ತಿನ ಗೊರಸು ಸೀಳು, ಹಾಗಾಗಿ ಕಾಲಿಗೆ ಎರಡೆರಡು ತುಂಡು. ಜೋಡಿಯಲ್ಲಿ ಒಂದು ಎಡ, ಒಂದು ಬಲ.

ಸಾಲಾಗಿ ಸಣ್ಣದರಿಂದ ದೊಡ್ಡದಕ್ಕೆ ತೂತು ಕೊರೆದ ಉಕ್ಕಿನ ಪಟ್ಟಿ ಸಿಕ್ಕರೆ ಅದು ಅಕ್ಕಸಾಲಿಗರ ಕಂಬಚ್ಚು. ಚಿನ್ನ ಬೆಳ್ಳಿಯ ಕಂಬಿಯನ್ನು ಒಂದಾದ ಮೇಲೊಂದು ಸಣ್ಣ ತೂತಿನಲ್ಲಿ ತೂರಿಸಿ ಎಳೆದು ತೆಳ್ಳಗೆ ಮಾಡುವ ಅಚ್ಚು ಅದು. ಮರದ ಉಜ್ಜುಗೊರಡಿನ ತಳ ಸಪಾಟಾಗಿರದೆ ಏರಿಳಿತವಿದ್ದರೆ ಅದು ಕಿಟಕಿ, ಬಾಗಿಲಿನ ಚೌಕಟ್ಟಿಗೆ ಗೆರೆಯಂಚು ತೆಗೆಯುವ ಉಜ್ಜುಗೊರಡು. ಅದರ ತಳವನ್ನು ಹಸಿ ಜೇಡಿಮಣ್ಣಿನ ಮೇಲೆ ಒತ್ತಿದರೆ, ಯಾವ ಬಗೆಯ ಅಂಚು ಅದರಿಂದ ಮೂಡುತ್ತಿತ್ತು ಎಂಬುದು ತಕ್ಷಣ ಕಾಣುತ್ತದೆ. ಹಳೆಯ ಬಂಗಲೆಯ ಬಾಗಿಲೊಂದರ ಪಡಿಯಚ್ಚು ಹೀಗೆ ಕೈಯಲ್ಲಿ ಸಿಗಬಹುದು.

ಮುದ್ರೆಯಲ್ಲಿ ಕಾಲ

ಹಳ್ಳಿಯ ಕಮ್ಮಾರ ತಾನು ಮಾಡಿದ ಕುಡುಗೋಲಿಗೆ ಇಸವಿ ಹಾಕುವವನಲ್ಲ. ಕಾರ್ಖಾನೆಯ ಹತಾರಗಳ ಮೇಲೆ ಮಾತ್ರ ಮುದ್ರೆಯಿರುತ್ತದೆ, ಅದರಿಂದ ಕಾಲವನ್ನು ಸುಮಾರಾಗಿ ನಿರ್ಧರಿಸಬಹುದು. ಇಂಗ್ಲೆಂಡಿನ ಶೆಫೀಲ್ಡ್ ಊರಿನ ಹೆಸರು ಉಳಿ, ಅರ, ಗರಗಸಗಳ ಮೇಲೆ ಸಾಮಾನ್ಯ. ‘ಮೇಡ್ ಇನ್ ವೆಸ್ಟ್ ಜರ್ಮನಿ’ ಎಂದಿದ್ದರೆ ಅದು 1949 ಮತ್ತು 1990ರ ನಡುವಿನದು. ಆ ಹೆಸರಿನ ರಾಷ್ಟ್ರ ಇದ್ದದ್ದೇ ಅಷ್ಟು ಕಾಲ. ಐ.ಎಸ್.ಐ. ಮುದ್ರೆಯಿದ್ದರೆ ಸ್ವಾತಂತ್ರ್ಯಾನಂತರದ್ದು ಎಂಬುದರಲ್ಲಿ ಸಂದೇಹವಿಲ್ಲ, ಏಕೆಂದರೆ ಭಾರತೀಯ ಮಾನಕ ಸಂಸ್ಥೆ ಹುಟ್ಟಿದ್ದೇ 1947ರಲ್ಲಿ.

ಹುಬ್ಬಳ್ಳಿ ಕಡೆಯ ಸುತ್ತಿಗೆ, ಸ್ಪ್ಯಾನರುಗಳ ಮೇಲೆ ಕೆಲವೊಮ್ಮೆ ‘ಎಂ. ಅಂಡ್ ಎಸ್.ಎಂ.’ ಎಂಬ ಅಕ್ಷರಗಳಿರುತ್ತವೆ. ಮದ್ರಾಸ್ ಮತ್ತು ದಕ್ಷಿಣ ಮರಾಠಾ ರೈಲ್ವೆಯ ಗುರುತದು. ಆ ಕಂಪನಿ 1908ರಲ್ಲಿ ರೂಪುಗೊಂಡು 1951ರಲ್ಲಿ ದಕ್ಷಿಣ ರೈಲ್ವೆಯಲ್ಲಿ ವಿಲೀನವಾಯಿತು. ಮುದ್ರೆ ಒತ್ತಿದ್ದು ಆ ನಡುವಿನ ವರ್ಷಗಳಲ್ಲಿ. ಬಾಣದ ತುದಿಯಂಥ ಮೂರು ಗೆರೆಗಳ ಗುರುತು ಬ್ರಿಟಿಷ್ ಸರ್ಕಾರದ ಸ್ವತ್ತಿನ ಸಂಕೇತ. 1809ರಿಂದ ದಂಡು ನೆಲೆಸಿದ್ದ ಬೆಂಗಳೂರಿನಲ್ಲಿ ಅಂಥದ್ದು ಸಿಕ್ಕರೆ ಆಶ್ಚರ್ಯವಿಲ್ಲ.

ಮುದ್ರೆಯನ್ನೇ ಕಣ್ಣು ಮುಚ್ಚಿ ನಂಬುವಂತೆಯೂ ಇಲ್ಲ. ಕತ್ತಿಯ ಅಲಗಿನ ಮೇಲೆ ಒತ್ತೊತ್ತಾಗಿ ಓರೆ ಗೆರೆಗಳು ಮಾಸಲಾಗಿ ಕಂಡರೆ ಅದು ಹಿಂದಿನ ಜನ್ಮದಲ್ಲಿ ಅರವಾಗಿತ್ತು ಎಂದರ್ಥ. ಸವೆದ ಅರ, ಲಾರಿಯ ಸ್ಪ್ರಿಂಗ್ ಪಟ್ಟಿಗಳನ್ನು ಕಾಸಿ ಬಡಿದು ಕತ್ತಿ ಮಾಡುವುದು ನಮ್ಮ ಕಮ್ಮಾರರಿಗೆ ಹೊಸತಲ್ಲ. ಅಂಥ ಕತ್ತಿಯ ಮೇಲೆ ಶೆಫೀಲ್ಡ್ ಹೆಸರಿದ್ದರೂ ಅದನ್ನು ಮಾಡಿದ ಕೈ ನಮ್ಮೂರಿನದೇ.

ಗುಂಟೆಯ ಸರಪಳಿ

ಗುಜರಿಗೆ ಬರುವ ವಸ್ತುಗಳಲ್ಲಿ ಅಳತೆಯ ಸಾಧನಗಳದೇ ಒಂದು ಗುಂಪು. ಸೇರು, ಪಾವು, ಚಟಾಕುಗಳನ್ನು ಗುರುತಿಸುವುದು ಕಷ್ಟವಲ್ಲ. 1956ರ ತೂಕ ಮತ್ತು ಅಳತೆಗಳ ಕಾಯ್ದೆಯ ನಂತರ, 1960ರ ದಶಕದ ಆರಂಭದ ಹೊತ್ತಿಗೆ ಅಂಗಡಿಗಳಲ್ಲಿ ಕಿಲೋ, ಲೀಟರುಗಳು ನೆಲೆಯೂರಿದವು. ಹಳೆಯ ಮಾಪುಗಳು ಮನೆಯ ಅಕ್ಕಿ ಡಬ್ಬಿಯೊಳಗೆ ಉಳಿದುಕೊಂಡವು.

ಆದರೆ ಉದ್ದುದ್ದ ಕೊಂಡಿಗಳ, ತುದಿಗಳಲ್ಲಿ ಹಿತ್ತಾಳೆ ಹಿಡಿಯಿರುವ ಕಬ್ಬಿಣದ ಸರಪಳಿ ಸಿಕ್ಕಾಗ ಅನೇಕರು ಅದನ್ನು ಎಮ್ಮೆ ಕಟ್ಟುವ ಸರಪಳಿಯೆಂದೇ ತಿಳಿಯುತ್ತಾರೆ. ಅದು ಜಮೀನು ಅಳೆಯುವ ಸರ್ವೆ ಸರಪಳಿ. ಉದ್ದ 66 ಅಡಿಯಿದ್ದು 100 ಕೊಂಡಿಗಳಿದ್ದರೆ ಅದು ಇಂಗ್ಲೆಂಡಿನ ಗಣಿತಜ್ಞ ಎಡ್ಮಂಡ್ ಗಂಟರ್ 17ನೇ ಶತಮಾನದಲ್ಲಿ ಬಳಕೆಗೆ ತಂದದ್ದು. 33 ಅಡಿಯಿದ್ದು 16 ಭಾಗಗಳಾಗಿದ್ದರೆ ಅದು ನಮ್ಮ ಕಡೆಯ ಗುಂಟೆ ಸರಪಳಿ. ಅದರ ಒಂದೊಂದು ಭಾಗಕ್ಕೂ ಆಣೆ ಎಂದು ಹೆಸರು. 1957ರಲ್ಲಿ ನಯಾಪೈಸೆ ಬರುವವರೆಗೆ ರೂಪಾಯಿಗೆ 16 ಆಣೆಯಿದ್ದಂತೆ ಸರಪಳಿಗೂ 16 ಆಣೆ.

ಈ ಸರಪಳಿಯ ಉದ್ದಗಲದ ಚೌಕವೇ ಒಂದು ಗುಂಟೆ. 33 ಅಡಿಯನ್ನು 33ರಿಂದ ಗುಣಿಸಿದರೆ 1,089 ಚದರ ಅಡಿ. ಅಂಥ 40 ಗುಂಟೆಗಳಿಗೆ 43,560 ಚದರ ಅಡಿ, ಅಂದರೆ ಒಂದು ಎಕರೆ. ರೂಪಾಯಿಯ ಆಣೆ ಹೋಗಿ ಆರು ದಶಕಗಳ ಮೇಲಾಯಿತು. ಆದರೆ ಪಹಣಿಯಲ್ಲಿ ಎಕರೆ, ಗುಂಟೆಯ ಮುಂದೆ ಆಣೆಯ ಅಂಕಣ ಇಂದಿಗೂ ಉಳಿದಿದೆ. ಅಣ್ಣತಮ್ಮಂದಿರು ಒಂದೆರಡು ಆಣೆ ಜಾಗಕ್ಕಾಗಿ ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆಯುವುದನ್ನು ಕಂಡವರಿಗೆ, ಆ ಆಣೆ ಹುಟ್ಟಿದ್ದು ಒಂದು ಸರಪಳಿಯ ಕೊಂಡಿಯಲ್ಲಿ ಎಂಬುದು ಗೊತ್ತಿರಲಾರದು. ಗುಜರಿಯವನ ತಕ್ಕಡಿಯಲ್ಲಿ ಬಿದ್ದ ಸರಪಳಿಯ ಜೊತೆ ಈ ತಿಳಿವಳಿಕೆಯೂ ಹೋಗುತ್ತದೆ.

ಹೊಸ ‘ಹಳತು’

ಹಳೆಯ ವಸ್ತುಗಳಿಗೆ ಬೆಲೆ ಬಂದ ಮೇಲೆ ಹೊಸದನ್ನು ಹಳತು ಮಾಡುವವರೂ ಹುಟ್ಟಿಕೊಂಡಿದ್ದಾರೆ. ಇಲ್ಲಿಯೂ ಸವೆತವೇ ಸಾಕ್ಷಿ. ಆಮ್ಲ ಸುರಿದು ತರಿಸಿದ ತುಕ್ಕು ಎಲ್ಲ ಕಡೆ ಒಂದೇ ಸಮ ಕೆಂಪಗಿರುತ್ತದೆ. ನಿಜವಾದ ಹಳೆಯ ಕಬ್ಬಿಣ ಕಂದುಗಪ್ಪು, ಕೈ ಹಿಡಿದಲ್ಲಿ ತುಕ್ಕೇ ಇರುವುದಿಲ್ಲ. ಇನ್ನೂರು ವರ್ಷದ್ದೆಂದು ಹೇಳುವ ವಸ್ತುವಿನಲ್ಲಿ ಸ್ಟಾರ್ ಸ್ಕ್ರೂ ಕಂಡರೆ ಒಂದೋ ಅದು ಈಚಿನ ದುರಸ್ತಿ, ಇಲ್ಲವೇ ಮಾತೇ ಸುಳ್ಳು. ಆ ಬಗೆಯ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಲ್ಲಿ.

ಕೊಂಡವರು ಮಾಡುವ ದೊಡ್ಡ ತಪ್ಪೆಂದರೆ ಮನೆಗೆ ಬಂದ ಕೂಡಲೇ ಮರಳು ಕಾಗದದಿಂದ ಉಜ್ಜಿ ಹೊಳಪು ಬರಿಸುವುದು. ಅದರಿಂದ ಮುದ್ರೆ, ಕೈಗುರುತು, ಕಾಡಿಗೆಯ ಅಂಶ ಎಲ್ಲವೂ ಅಳಿಸಿಹೋಗುತ್ತವೆ. ಒಣ ಬಟ್ಟೆಯಿಂದ ಧೂಳು ಒರೆಸಿ, ಕಬ್ಬಿಣಕ್ಕೆ ತೆಳ್ಳಗೆ ಎಣ್ಣೆ ಸವರಿದರೆ ಸಾಕು. ನೂರು ವರ್ಷ ದಾಟಿದ, ಹಿಂದಿನ ಕಾಲದ ಕುಶಲ ಕಲೆಗಳನ್ನು ತೋರಿಸುವ ವಸ್ತುಗಳು 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ ಎಂಬುದನ್ನೂ ತಿಳಿದಿರಬೇಕು. ಅವುಗಳ ವ್ಯಾಪಾರ ನಡೆಸಲು ಪರವಾನಗಿ ಬೇಕು. ಖಾಸಗಿಯವರು ಅವನ್ನು ವಿದೇಶಕ್ಕೆ ಒಯ್ಯುವಂತಿಲ್ಲ.

ಹೆಸರು ಕೇಳುವುದೆಲ್ಲಿ?

ಹೋಲಿಸಿ ನೋಡಲು ನಾಡಿನಲ್ಲಿ ಒಳ್ಳೆಯ ಸಂಗ್ರಹಗಳಿವೆ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ, ಧರ್ಮಸ್ಥಳದ ಮಂಜೂಷಾ, ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಪ್ರೊ. ತುಕಾರಾಂ ಪೂಜಾರಿಯವರು ತುಳುನಾಡಿನ ಬದುಕಿನ ವಸ್ತುಗಳನ್ನು ಕೂಡಿಹಾಕಿರುವ ಸಂಗ್ರಹಾಲಯ ಅವುಗಳಲ್ಲಿ ಕೆಲವು. ಹೆಸರಿಗಾಗಿ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ಲರ ನಿಘಂಟನ್ನು ತಿರುವಿ ಹಾಕಬಹುದು. ಕಸುಬಿನ ಎಷ್ಟೋ ಮಾತುಗಳು ಅದರೊಳಗೆ ಬೆಚ್ಚಗೆ ಕುಳಿತಿವೆ.

ಆದರೆ ಒಂದು ವಸ್ತುವಿಗೆ ಒಂದೇ ಹೆಸರು ಎಂದು ತಿಳಿಯಬಾರದು. ಮೈಸೂರು ಕಡೆಯ ಈಳಿಗೆ ಮಣೆ ಮಲೆನಾಡಿನಲ್ಲಿ ಮೆಟ್ಟುಗತ್ತಿ. ಅದೇ ಮೆಟ್ಟುಗತ್ತಿಯ ಮುಂದೆ ಕುಳಿತು ಅಲ್ಲಿನ ಹೆಂಗಸರು ಹಸಿ ಅಡಕೆ ಸುಲಿಯುತ್ತಾರೆ. ಬಡಗಿಯ ಉಜ್ಜುಗೊರಡನ್ನು ಕೀಸುಳಿ ಎನ್ನುವವರಿದ್ದಾರೆ, ತೋಪಡ ಎನ್ನುವವರೂ ಇದ್ದಾರೆ. ಯಾವುದೂ ತಪ್ಪಲ್ಲ. ಯಾವ ಊರಿನಿಂದ ಬಂದದ್ದು ಎಂಬುದನ್ನು ಮಾರುವವನಿಂದ ಕೇಳಿಕೊಳ್ಳುವುದು ಇದಕ್ಕಾಗಿಯೇ ಮುಖ್ಯ. ಊರು ತಿಳಿದರೆ ಹೆಸರನ್ನು ಯಾರಲ್ಲಿ ಕೇಳಬೇಕು ಎಂಬುದೂ ತಿಳಿಯುತ್ತದೆ.

ಕೊನೆಗೂ ನಿಘಂಟು, ಸಂಗ್ರಹಾಲಯಗಳಿಗಿಂತ ದೊಡ್ಡ ಆಧಾರ ಆ ಕಸುಬು ಮಾಡಿದ ಮನುಷ್ಯ. ಹತಾರವನ್ನು ಅವನ ಕೈಗೆ ಕೊಟ್ಟರೆ ಬಾಯಿ ಹೆಸರು ಹೇಳುವ ಮೊದಲೇ ಬೆರಳುಗಳು ತಾವಾಗಿಯೇ ಸರಿಯಾದ ಜಾಗದಲ್ಲಿ ಕೂರುತ್ತವೆ. ಅಂಥವರ ವಯಸ್ಸು ಈಗ ಎಪ್ಪತ್ತು, ಎಂಬತ್ತು. ಹೆಸರು, ಊರು, ಹಿಡಿಯುವ ಬಗೆ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಹತಾರಕ್ಕೆ ಕಟ್ಟಿಡಲು ಐದು ನಿಮಿಷ ಸಾಕು. ಕಬ್ಬಿಣ ಇನ್ನೂ ನೂರು ವರ್ಷ ಕಾಯಬಲ್ಲದು. ಹೆಸರು ಹೇಳುವವರು ಅಷ್ಟು ದಿನ ಕಾಯಲಾರರು.